ದೂರು ನಿಜವಿದ್ದಾಗ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು, ವಯಸ್ಸು ಮೂವತ್ತರ ಆಸುಪಾಸು. ಹಗಲು ಮನೆಯಿಂದಲೇ ಕಂಪನಿಯ ಕೆಲಸ. ರಾತ್ರಿ, ಯಾವ ಸಂಬಳವೂ ಇಲ್ಲದೆ, ಚಾಟ್ ಸರ್ವರ್ ನಡೆಸಲು ಯಾರು ಬೇಕಾದರೂ ಬಳಸಬಹುದಾದ ಒಂದು ಮುಕ್ತ ತಂತ್ರಾಂಶದ ನಿರ್ವಹಣೆ. ಶಿವಮೊಗ್ಗದಲ್ಲಿ ಆಪ್ತಸಮಾಲೋಚನೆಗೆಂದು ನನ್ನನ್ನು ಕಾಣಲು ಬಂದಾಗ ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ. ಮೊಬೈಲ್ ಸದ್ದು ಮಾಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಸರ್ವರ್ ನಿಧಾನವೆಂದು ನಾಲ್ಕು ಜನರೆದುರು ಬಂದ ಟೀಕೆಗಳು ಅವರನ್ನು ಈ ಸ್ಥಿತಿಗೆ ತಂದಿದ್ದವು.

ಸಮಸ್ಯೆ ಏನೆಂದು ಅವರಿಂದಲೇ ಕೇಳಿ ತಿಳಿದೆ. 2014ರಲ್ಲಿ ಶುರುವಾದ ಮ್ಯಾಟ್ರಿಕ್ಸ್ ಎಂಬ ಸಂವಹನ ವ್ಯವಸ್ಥೆಗಾಗಿ ಬರೆದ ಸರ್ವರ್ ಅದು. ಇಲ್ಲಿ ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿರುವುದಿಲ್ಲ; ಗುಂಪಿನಲ್ಲಿ ಪಾಲ್ಗೊಳ್ಳುವ ಪ್ರತಿ ಸರ್ವರ್ ಮಾತುಕತೆಯ ಪ್ರತಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಯಾರು ಸದಸ್ಯರು, ಯಾರಿಗೆ ಯಾವ ಅಧಿಕಾರ ಎಂಬಲ್ಲಿ ಸರ್ವರ್‌ಗಳ ನಡುವೆ ವ್ಯತ್ಯಾಸ ಬಂದರೆ ಪ್ರತಿಯೊಂದೂ ತಾನೇ ಲೆಕ್ಕ ಹಾಕಿ ಒಂದೇ ಉತ್ತರಕ್ಕೆ ಬರಬೇಕು. ಸಣ್ಣ ಸರ್ವರೊಂದು ಸಾವಿರಾರು ಸದಸ್ಯರ ಗುಂಪಿಗೆ ಸೇರಿದಾಗ ಪ್ರೊಸೆಸರ್, ಮೆಮೊರಿ ಎರಡೂ ಏದುಸಿರು ಬಿಡುತ್ತವೆ. ಯಾರು ಆನ್‌ಲೈನ್ ಇದ್ದಾರೆಂದು ಎಲ್ಲರಿಗೂ ತಿಳಿಸುತ್ತಿರುವ ಹೊರೆ ಬೇರೆ. ಇದನ್ನೆಲ್ಲ ವಿವರಿಸುವಾಗ ಅವರ ದನಿಯಲ್ಲಿ ನಡುಕವೇ ಇರಲಿಲ್ಲ. ಕೆಲಸದ ಬಗ್ಗೆ ಅವರಿಗೆ ಭಯವಿಲ್ಲ ಎಂಬುದು ನನಗೆ ಆಗಲೇ ಗೊತ್ತಾಯಿತು.

ತಲೆಗೆ ಹಚ್ಚಿಕೊಳ್ಳಬೇಡ ಎಂದು ಮನೆಯವರು ಹೇಳುತ್ತಿದ್ದರಂತೆ. ಈ ಪ್ರಕರಣಕ್ಕೆ ಆ ಮಾತು ಒಗ್ಗುವುದಿಲ್ಲ. ದೂರು ನಿಜವಾಗಿತ್ತು, ನಿಜವೆಂದು ಅವರಿಗೂ ಗೊತ್ತಿತ್ತು. ಪ್ರಾಮಾಣಿಕ ಕೆಲಸಗಾರ ಅಂಥ ದೂರನ್ನು ಕಿವಿಗೆ ಹಾಕಿಕೊಳ್ಳದೆ ಇರಲಾರ.

ಹಾಗಾಗಿ ಟೀಕೆಗಳನ್ನು ಕಾಗದದಲ್ಲಿ ಮುದ್ರಿಸಿ ತರಲು ಹೇಳಿದೆ. ಮೇಜಿನ ಮೇಲೆ ಹರಡಿ, ಕೈಗೆ ಪೆನ್ಸಿಲ್ ಕೊಟ್ಟೆ. "ಗುಂಪಿಗೆ ಸೇರಲು ಇಪ್ಪತ್ತು ನಿಮಿಷ ಹಿಡಿಯಿತು, ಮೆಮೊರಿ ತುಂಬಿತು. ಬರೆದವನಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ." ಮೊದಲ ವಾಕ್ಯದ ಕೆಳಗೆ ಗೆರೆ ಎಳೆದರು. ಎರಡನೆಯದರ ಮೇಲೆ ಪೆನ್ಸಿಲ್ ಬಹಳ ಹೊತ್ತು ನಿಂತಿತು. ಆಮೇಲೆ ಹೊಡೆದು ಹಾಕಿದರು. ಮುಂದಿನ ಹಾಳೆಗಳಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

ದೂರುಗಳನ್ನು ಮೊದಲು ಜೊತೆಯವರೊಬ್ಬರು ಓದಿ, ಅಳೆದ ಅಂಕಿಅಂಶ ಇರುವುದನ್ನು ಮಾತ್ರ ಅವರಿಗೆ ದಾಟಿಸಲಿ ಎಂದೆ. ರಾತ್ರಿ ಊಟದ ನಂತರ ಯಾವ ಉತ್ತರವನ್ನೂ ಬರೆಯಕೂಡದು. ಸಂಕಟ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಿದ್ದೆಗಾಗಿ ಮನೋವೈದ್ಯರಲ್ಲಿಗೂ ಕಳುಹಿಸಿದೆ. ತಂತ್ರಾಂಶದ ಮಿತಿಯನ್ನು ಬೇರೆಯವರು ಎತ್ತಿ ಆಡುವ ಮೊದಲು ನೀವೇ ಬರೆದುಬಿಡಿ ಎಂದೂ ಹೇಳಿದ್ದೆ. ಅಳವಡಿಕೆಯ ಸೂಚನೆಯಲ್ಲಿ ಅವರು ಹಾಗೆಯೇ ಬರೆದರು: ಸಣ್ಣ ಯಂತ್ರದಲ್ಲಿ ದೊಡ್ಡ ಗುಂಪಿಗೆ ಸೇರಿದರೆ ನಿಧಾನವಾಗುತ್ತದೆ, ಮಾಹಿತಿ ಕೂಡಿಡುವ ಡೇಟಾಬೇಸ್‌ಗಳಲ್ಲಿ ಎಸ್‌ಕ್ಯೂಲೈಟ್ ಪರೀಕ್ಷೆಗಷ್ಟೇ, ನಿತ್ಯ ಬಳಕೆಗೆ ಪೋಸ್ಟ್‌ಗ್ರೆಸ್, ಯಾರು ಆನ್‌ಲೈನ್ ಇದ್ದಾರೆಂಬ ಸೂಚನೆಯನ್ನು ಆಫ್ ಮಾಡಿಡಿ.

ಈಗ ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ. ದೊಡ್ಡ ಗುಂಪಿಗೆ ಸೇರುವುದು ಇನ್ನೂ ನಿಧಾನವೇ; ಅದನ್ನು ಸರಿಪಡಿಸುವ ಕೆಲಸ ಮೂವರಲ್ಲಿ ಹಂಚಿಹೋಗಿದೆ. ಅಡಿಕೆ ಕೊಯ್ಲು ಮುಗಿಯುವವರೆಗೆ ರಜೆ ಎಂದು ತಿಳಿಸಿದಾಗ ಇಬ್ಬರು ಗೊಣಗಿದರಂತೆ. ಅವರಿಗೆ ಉತ್ತರ ಬರೆಯಲಿಲ್ಲ ಎಂದರು.