ಬಿಟ್ಟ ಫ್ರೇಮುಗಳಲ್ಲಿದ್ದ ಅಧ್ಯಾಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತ ಸಮಾಲೋಚನೆಗೆ ಬಂದವರು ಛಾಯಾಗ್ರಹಣದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಮಹಿಳೆ, ವಯಸ್ಸು ಮೂವತ್ತೈದರ ಆಸುಪಾಸು. ಚಿತ್ರ ತೆಗೆಯುವುದೇ ಅವರ ಸಂಶೋಧನಾ ವಿಧಾನ. ಪದವಿಗೆ ಚಿತ್ರಸರಣಿಯ ಜೊತೆಗೆ ಮಹಾಪ್ರಬಂಧವನ್ನೂ ಸಲ್ಲಿಸಬೇಕು. ಜನ ಬಿಟ್ಟುಹೋದ ಮನೆಗಳ ಒಳಭಾಗ ಅವರ ವಸ್ತು. ನಾಲ್ಕನೆಯ ವರ್ಷದಲ್ಲಿ ಚಿತ್ರಗಳು ರಾಶಿ ಬಿದ್ದಿದ್ದವು, ಬರಹ ಮಾತ್ರ ಪೀಠಿಕೆ ದಾಟಿರಲಿಲ್ಲ. ಮಾರ್ಗದರ್ಶಕರ ಇಮೇಲ್ ಕಂಡರೆ ಎದೆ ಡವಗುಟ್ಟುತ್ತಿತ್ತು. ಉತ್ತರಿಸುವ ಬದಲು ಕ್ಯಾಮೆರಾ ಹಿಡಿದು ಹೊರಟುಬಿಡುತ್ತಿದ್ದರು.

“ಚಿತ್ರ ತಾನೇ ಮಾತಾಡುತ್ತದೆ. ನಾನೇಕೆ ಪಕ್ಕದಲ್ಲಿ ನಿಂತು ವಿವರಿಸಬೇಕು?” ಎಂದು ಕೇಳಿದಾಗ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

ನಿದ್ದೆ ಕೆಟ್ಟಿತ್ತು, ಆದರೆ ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ಸೋಮಾರಿತನವಂತೂ ಅಲ್ಲವೇ ಅಲ್ಲ. ‘ದಿನಕ್ಕಿಷ್ಟು ಪುಟ ಬರೆಯಿರಿ’ ಎಂದು ಇಂಥವರಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಏನು ಬರೆಯಬೇಕೆಂದೇ ತೋಚದವರಿಗೆ ಅದು ಇನ್ನೊಂದು ಹೊರೆ.

ಮುಂದಿನ ಭೇಟಿಗೆ ಕಾಂಟ್ಯಾಕ್ಟ್ ಶೀಟ್ ತರಲು ಹೇಳಿದೆ. ಒಂದು ರೀಲಿನ 36 ಫ್ರೇಮುಗಳೂ ನೆಗೆಟಿವ್ ಗಾತ್ರದಲ್ಲೇ ಒಂದು ಹಾಳೆಯ ಮೇಲೆ ಸಾಲಾಗಿ ಮೂಡುವುದರಿಂದ ಅಲ್ಲಿ ಬಿಟ್ಟದ್ದೂ ಕಾಣುತ್ತದೆ. ಒಂದೇ ಕಿಟಕಿಯ ಮೂರು ಫ್ರೇಮುಗಳಲ್ಲಿ ಕೊನೆಯದಕ್ಕೆ ಕೆಂಪು ಪೆನ್ಸಿಲಿನ ಗುರುತಿತ್ತು. ಮೊದಲೆರಡನ್ನು ಏಕೆ ಬಿಟ್ಟಿರಿ ಎಂದು ಕೇಳಿದೆ.

“ಗೋಡೆಯ ಮೇಲೆ ನನ್ನ ನೆರಳು ಬಿದ್ದಿತ್ತು ಮೇಡಂ.”

ಬಿದ್ದರೇನು? ಅವರು ತಡೆದು ತಡೆದು ಹೇಳಿದರು: ಮನೆ ಖಾಲಿ ಎಂದು ನೋಡುವವರು ನಂಬಬೇಕಾದರೆ ತಾನಲ್ಲಿ ಕಾಣಬಾರದು. ಹಾಗಾದರೆ ಆ ಖಾಲಿತನ ಮನೆಯದೋ, ತನ್ನನ್ನು ಮರೆಮಾಡಿಕೊಂಡು ತಾನೇ ಕಟ್ಟಿದ್ದೋ? ಈ ಪ್ರಶ್ನೆ ಅವರ ಬಾಯಿಂದಲೇ ಬಂತು. ಅದನ್ನು ಹಾಗೆಯೇ ಬರೆದುಕೊಳ್ಳಿ ಎಂದೆ.

ಕಲೆಯ ಕುರಿತ ಸಂಶೋಧನೆಯೇ ಬೇರೆ, ಕಲೆಯ ಮೂಲಕ ನಡೆಯುವ ಸಂಶೋಧನೆಯೇ ಬೇರೆ ಎಂದು ಬ್ರಿಟನ್ನಿನ ಕಲಾ ಶಿಕ್ಷಣ ತಜ್ಞ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲೇ ವಿಂಗಡಿಸಿದ್ದರು. ಇವರು ಎರಡನೆಯದನ್ನು ಮಾಡುತ್ತಾ, ಮೊದಲನೆಯದನ್ನು ಬರೆಯಲು ಹೆಣಗುತ್ತಿದ್ದರು.

ನಾನು ಕೊಟ್ಟ ಸಲಹೆ ಇಷ್ಟು. ಸದ್ಯಕ್ಕೆ ಹೊಸ ಚಿತ್ರೀಕರಣ ಬೇಡ, ಈಗ ಅದು ಬರಹದಿಂದ ತಪ್ಪಿಸಿಕೊಳ್ಳುವ ದಾರಿಯಾಗಿದೆ. ಪ್ರತಿ ಶೀಟಿನಿಂದ ಆಯ್ದ ಒಂದು, ಬಿಟ್ಟ ಒಂದು ಫ್ರೇಮ್ ತೆಗೆದುಕೊಂಡು ಅರ್ಧ ಪುಟ ಬರೆಯಿರಿ: ಎಲ್ಲಿ ನಿಂತಿದ್ದಿರಿ, ಯಾವ ಬೆಳಕಿಗೆ ಕಾದಿರಿ, ಏಕೆ ಕೈಬಿಟ್ಟಿರಿ. ಸಿದ್ಧಾಂತಿಗಳ ಹೆಸರು ಆಮೇಲೆ ಬರಲಿ. ಅಧ್ಯಾಯ ಮುಗಿಯುವವರೆಗೆ ಕಾಯದೆ ಆ ಅರ್ಧ ಪುಟಗಳನ್ನೂ ಶೀಟುಗಳನ್ನೂ ಮಾರ್ಗದರ್ಶಕರ ಮುಂದಿಡಿ. ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಿ. ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯನ್ನೂ ಓದಿ. 80,000 ಪದ ಬೇಕೆಂದು ಹೆದರಿದ್ದವರಿಗೆ, ಚಿತ್ರಸರಣಿ ಸಲ್ಲಿಸುವವರಿಗೆ 40,000 ಸಾಕೆಂಬುದು ಓದಿದ ಮೇಲೆ ತಿಳಿಯಿತು.

ನೆರಳಿನ ಫ್ರೇಮುಗಳನ್ನು ಸರಣಿಗೆ ಸೇರಿಸಿ ಎಂದು ಮಾರ್ಗದರ್ಶಕರು ಸೂಚಿಸಿದರಂತೆ. ಇವರು ಒಪ್ಪಲಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದೇ ಈಗ ಮೂರನೆಯ ಅಧ್ಯಾಯವಾಗುತ್ತಿದೆ. ಮೌಖಿಕ ಪರೀಕ್ಷೆಯ ಭಯ ಇನ್ನೂ ಹೋಗಿಲ್ಲ, ಅದಕ್ಕಾಗಿ ಭೇಟಿಗಳು ಮುಂದುವರಿದಿವೆ.