ಸಂಪಾದಕರ ಉತ್ತರ: ಬಳೆ ಶಾಸ್ತ್ರ ಯಾವ ಶಾಸ್ತ್ರದಲ್ಲಿದೆ?

ರಾಜಾಜಿನಗರದ ಓದುಗರೊಬ್ಬರ ಮಗಳಿಗೆ ಮುಂದಿನ ತಿಂಗಳು ಮದುವೆ. ಬಳೆ ಶಾಸ್ತ್ರ ಇಟ್ಟುಕೊಳ್ಳೋಣ ಎಂದಾಗ ಬಂಧುವೊಬ್ಬರು ‘ಅದು ಯಾವ ಶಾಸ್ತ್ರದಲ್ಲೂ ಇಲ್ಲ, ಬರೀ ರೂಢಿ’ ಎಂದರಂತೆ. ಹಾಗಾದರೆ ಅದನ್ನು ಶಾಸ್ತ್ರ ಎನ್ನುವುದು ತಪ್ಪೇ, ಆ ಮಾತು ಎಲ್ಲಿಂದ ಬಂತು ಎಂದು ಕೇಳಿದ್ದಾರೆ. ಗಂಡನನ್ನು ಕಳೆದುಕೊಂಡ ಅಕ್ಕನನ್ನು ಆ ದಿನ ದೂರ ಕೂರಿಸಬೇಕೇ ಎಂದೂ ಸಂಕಟದಿಂದ ಬರೆದಿದ್ದಾರೆ.

ಅಮ್ಮಾ, ಖಂಡಿತ ತಪ್ಪಲ್ಲ.

ಸಂಸ್ಕೃತದ ‘ಶಾಸ್’ ಧಾತುವಿಗೆ ಅಪ್ಪಣೆ ಕೊಡು, ಕಲಿಸು ಎಂಬ ಅರ್ಥವಿದೆ. ಶಾಸನ, ಶಾಸಕ, ಶಿಷ್ಯ ಎಲ್ಲವೂ ಅದರಿಂದ ಬಂದವು. ಕಲಿಸುವ ಸಾಧನ ಶಾಸ್ತ್ರ. ಅರ್ಥಶಾಸ್ತ್ರ, ಭೌತಶಾಸ್ತ್ರ ಎನ್ನುವಾಗ ಈ ಅರ್ಥವೇ ಇದೆ. ಆದರೆ ನಮ್ಮ ಮನೆಗಳಲ್ಲಿ, ವಿಧಿಸುವ ಗ್ರಂಥಕ್ಕಿದ್ದ ಈ ಹೆಸರೇ ಆಚರಣೆಗೂ ಸಂದಿತು. ಅರಿಶಿನ ಶಾಸ್ತ್ರ, ಚಪ್ಪರದ ಶಾಸ್ತ್ರ ಬಂದದ್ದು ಹೀಗೆ. ಕಣಿ ಹೇಳುವುದೂ ಶಾಸ್ತ್ರವೇ ಆಯಿತು. ‘ಶಾಸ್ತ್ರಕ್ಕೆ ಒಂದು ತುತ್ತು ತಿನ್ನಿ’ ಎಂದರೆ ಹೆಸರಿಗಷ್ಟೇ ಎಂದರ್ಥ.

ನಿಮ್ಮ ಬಂಧುವಿಗೆ ಮನೆಯ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಸಂಸ್ಕೃತ ಗ್ರಂಥ ಆಶ್ವಲಾಯನ ಗೃಹ್ಯಸೂತ್ರ ತೋರಿಸಿ. ಮದುವೆಯ ವಿಧಿ ಶುರುಮಾಡುವಾಗ ಅದು ಹೇಳುವ ಮೊದಲ ಮಾತೇ ಇದು: ‘ಅಥ ಖಲೂಚ್ಚಾವಚಾ ಜನಪದಧರ್ಮಾ ಗ್ರಾಮಧರ್ಮಾಶ್ಚ ತಾನ್ ವಿವಾಹೇ ಪ್ರತೀಯಾತ್’. ನಾಡುನಾಡಿನ, ಊರೂರಿನ ಪದ್ಧತಿಗಳು ಬಗೆಬಗೆಯಾಗಿವೆ, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಎಂದು. ನಡೆನುಡಿಯ ನಿಯಮ ಹೇಳುವ ಇನ್ನೊಂದು ಹಳೆಯ ಗ್ರಂಥ ಆಪಸ್ತಂಬ ಧರ್ಮಸೂತ್ರ ಮುಗಿಯುವುದು ಇನ್ನೂ ದೊಡ್ಡ ಮಾತಿನಿಂದ: ಇಲ್ಲಿ ಹೇಳದೆ ಉಳಿದ ಧರ್ಮಗಳನ್ನು ಹೆಂಗಸರಿಂದ, ಎಲ್ಲ ವರ್ಣದವರಿಂದ ತಿಳಿಯಬೇಕು ಎಂದು ಕೆಲವರ ಮತ. ನಿಮ್ಮ ಅತ್ತೆ, ಅಜ್ಜಿ, ಮನೆಗೆ ಬರುವ ಬಳೆಗಾರ ಇವರೆಲ್ಲರ ತಿಳಿವಳಿಕೆಗೆ ಪುಸ್ತಕವೇ ಬಾಗಿಲು ತೆರೆದಿಟ್ಟಿದೆ. ಇದನ್ನು ಓದಿದ ಮೇಲೂ ‘ಬರೀ ರೂಢಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಬೆಂಗಳೂರಿನ ಕರಗದ ಉತ್ಸವವನ್ನೇ ನೋಡಿ. ತಿಗಳರಪೇಟೆಯ ಧರ್ಮರಾಯನ ಗುಡಿಯ ಹಸಿ ಕರಗ, ಕರಗಕ್ಕೆ ಕಾವಲಾಗುವ ವೀರಕುಮಾರರ ಅಲಗು (ಕತ್ತಿ) ಸೇವೆ, ಚೈತ್ರ ಪೌರ್ಣಮಿಯ ರಾತ್ರಿ ಕರಗ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗಿಬರುವುದು, ಇದನ್ನೆಲ್ಲ ಯಾವ ಧರ್ಮಸೂತ್ರ ವಿಧಿಸಿದೆ? ತಿಗಳ ಸಮುದಾಯ ತಲೆತಲಾಂತರದಿಂದ ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದೆ.

ಇನ್ನು ನಿಮ್ಮ ಅಕ್ಕನ ವಿಷಯ. ಊರಿನ ಪದ್ಧತಿಗೆ ಮನ್ನಣೆ ಇದೆ ಎಂದ ಮಾತ್ರಕ್ಕೆ ಅದರೊಳಗಿನ ಕ್ರೌರ್ಯಕ್ಕೂ ಮನ್ನಣೆ ಬೇಕಿಲ್ಲ. ಬಳೆ ಶಾಸ್ತ್ರವನ್ನು ಕಟ್ಟಿದವರು ಮನೆಯ ಹೆಂಗಸರು. ಅದನ್ನು ತಿದ್ದುವ ಹಕ್ಕೂ ಅವರದೇ, ಅಂದರೆ ನಿಮ್ಮದೇ. ಬಳೇಪೇಟೆಯಿಂದ ಹಸಿರು ಗಾಜಿನ ಬಳೆ ತರಿಸಿ. ಅಕ್ಕನನ್ನು ಮಗಳ ಪಕ್ಕದಲ್ಲೇ ಕೂರಿಸಿ, ಮೊದಲ ಬಳೆ ಅವರೇ ತೊಡಿಸಲಿ. ಯಾರಾದರೂ ಆಕ್ಷೇಪ ಎತ್ತಿದರೆ ಆಪಸ್ತಂಬರ ಆ ಮಾತು ಹೇಳಿ.