ಮೂಳೆ ಔಷಧದ ಟ್ರಯಲ್‌ಗೆ ಆರೋಗ್ಯವಂತ ಹೆಂಗಸರನ್ನು ಆರಿಸುವಾಗ ಏನೇನು ನೋಡುತ್ತಾರೆ? ಎಲ್ಲ ಸರಿ ಇದ್ದರೂ ಬೇಡ ಅನ್ನುವುದು ಯಾಕೆ?

ನಿಮ್ಮ ಪ್ರಶ್ನೆಯಲ್ಲಿರುವ ವಿವರ ಇಷ್ಟು: ವಯಸ್ಸು 56, ಮುಟ್ಟು ನಿಂತು ನಾಲ್ಕು ವರ್ಷ, ಬಿಪಿ ಶುಗರ್ ಏನೂ ಇಲ್ಲ. ಮೂಳೆ ಸವೆತಕ್ಕೆ ಕೊಡುವ ಒಂದು ಇಂಜೆಕ್ಷನ್ನಿನ ಟ್ರಯಲ್‌ಗೆ ಸ್ಕ್ರೀನಿಂಗ್‌ಗೆ ಕರೆದಿದ್ದಾರೆ. ನಿಮ್ಮ ಗೆಳತಿಯನ್ನು ಎಲ್ಲ ನಾರ್ಮಲ್ ಇದ್ದರೂ ವಾಪಸ್ ಕಳಿಸಿದರು, ಯಾಕೆ ಎಂದು ಕೇಳಿದ್ದೀರಿ. ಕೂದಲು ಉದುರುವುದಕ್ಕೆ ನುಂಗುವ ಮಾತ್ರೆಯನ್ನೂ ಹೇಳಬೇಕಾ ಎಂದು ಕೊನೆಗೊಂದು ಸಾಲು ಸೇರಿಸಿದ್ದೀರಿ. ನಿಮ್ಮ ಮಟ್ಟಿಗೆ ಆ ಸಾಲೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಬರುತ್ತೇನೆ. ಇಂಜೆಕ್ಷನ್ ಎಂದಿರುವುದರಿಂದ ಮೂಳೆ ಕರಗುವುದನ್ನು ತಡೆಯುವ ಡೆನೊಸುಮ್ಯಾಬ್ ತರಹದ್ದು ಅಂದುಕೊಂಡು ಬರೆಯುತ್ತಿದ್ದೇನೆ. ಬೇರೆ ಗುಂಪಿನದಾದರೆ ಒಂದೆರಡು ಶರತ್ತು ಬದಲಾಗುತ್ತವೆ.

ಹೆಲ್ತ್ ಚೆಕಪ್‌ನಲ್ಲಿ ಡಾಕ್ಟರು ನಿಮಗೇನಾದರೂ ಕಾಯಿಲೆ ಇದೆಯಾ ಎಂದು ಹುಡುಕುತ್ತಾರೆ. ಸ್ಕ್ರೀನಿಂಗ್‌ನಲ್ಲಿ ಹುಡುಕುವುದು ಬೇರೆ. ಈ ಔಷಧ ನಿಮ್ಮ ಮೈಗೆ ಹೆಚ್ಚಿನ ಕೆಡುಕು ಮಾಡೀತಾ ಅನ್ನುವುದು ಒಂದು. ಔಷಧ ಕೊಟ್ಟ ಮೇಲೆ ರಕ್ತದಲ್ಲಿ ಕಾಣುವ ಬದಲಾವಣೆ ಔಷಧದಿಂದಲೇ ಆದದ್ದು ಎಂದು ಖಚಿತವಾಗಿ ಹೇಳಲು ಬರುತ್ತದಾ ಅನ್ನುವುದು ಇನ್ನೊಂದು. ಎರಡನೆಯದರಲ್ಲಿ ಅನುಮಾನ ಬಂದರೂ ಸಾಕು, ಹೊರಗೆ ಕಳಿಸುತ್ತಾರೆ. ಗಟ್ಟಿಮುಟ್ಟಾಗಿರುವವರು ವಾಪಸ್ ಬರುವುದು ಹೆಚ್ಚಾಗಿ ಈ ಕಾರಣಕ್ಕೆ.

ಮುಟ್ಟು ನಿಂತವರನ್ನೇ ಕರೆಯುವುದಕ್ಕೂ ಕಾರಣ ಇದೆ. ಈಸ್ಟ್ರೋಜನ್ ಇಳಿದ ಮೇಲೆ ಮೂಳೆ ಕರಗುವ ವೇಗ ಏರುತ್ತದೆ, ಹಾಗಾಗಿ ಅದನ್ನು ತಡೆಯುವ ಔಷಧದ ಪರಿಣಾಮ ಎದ್ದು ಕಾಣುತ್ತದೆ. ಗರ್ಭದ ಆತಂಕವೂ ಇರುವುದಿಲ್ಲ.

ಎಲ್ಲಕ್ಕಿಂತ ಮೊದಲು ಒಪ್ಪಿಗೆ ಪತ್ರ. ಅದನ್ನು ಓದಿ, ಕೇಳಿ, ಸಹಿ ಹಾಕುವ ಮುಂಚೆ ಒಂದು ಹನಿ ರಕ್ತವನ್ನೂ ತೆಗೆಯುವಂತಿಲ್ಲ. "ಸಹಿ ಆಮೇಲೆ ಮಾಡಿದರಾಯಿತು, ಮೊದಲು ಬ್ಲಡ್ ಕೊಟ್ಟುಬಿಡಿ" ಎಂದರೆ ಎದ್ದು ಬನ್ನಿ. ಅಂಥ ಜಾಗದಲ್ಲಿ ಮುಂದಿನ ಕೆಲಸವೂ ಅಷ್ಟೇ ಅಚ್ಚುಕಟ್ಟಾಗಿರುತ್ತದೆ.

ನಂತರ ಮುಟ್ಟು ನಿಂತಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಬೇರೆ ಕಾರಣವಿಲ್ಲದೆ 12 ತಿಂಗಳು ಪೂರ್ತಿ ಮುಟ್ಟಾಗಿರಬಾರದು. ಜೊತೆಗೆ ರಕ್ತದಲ್ಲಿ ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ, ಮುಟ್ಟು ನಿಂತ ಮೇಲೆ ಏರುವ ಹಾರ್ಮೋನ್) ನೋಡುತ್ತಾರೆ. ಸಾಮಾನ್ಯವಾಗಿ 40ಕ್ಕಿಂತ ಮೇಲಿರಬೇಕು, ಎಸ್ಟ್ರಾಡಯಾಲ್ (ಈಸ್ಟ್ರೋಜನ್ನಿನ ಮುಖ್ಯ ರೂಪ) ಕಡಿಮೆ ಇರಬೇಕು. ಗರ್ಭಕೋಶ ತೆಗೆಸಿ ಅಂಡಾಶಯ ಉಳಿಸಿಕೊಂಡವರಿಗೆ ಮುಟ್ಟಿನ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಎಫ್‌ಎಸ್‌ಎಚ್ ಒಂದೇ ಗತಿ. ಗರ್ಭಕೋಶದೊಳಗೆ ಹಾರ್ಮೋನ್ ಇರುವ ವಂಕಿ ಹಾಕಿಸಿಕೊಂಡವರಿಗೂ ಹಾಗೇ, ಅದರಿಂದಲೇ ಮುಟ್ಟು ನಿಂತಿರಬಹುದು. ಇಷ್ಟಾದ ಮೇಲೂ ಕೆಲವು ಕಡೆ ಪ್ರೆಗ್ನೆನ್ಸಿ ಟೆಸ್ಟ್ ಮಾಡುತ್ತಾರೆ, ನಗಬೇಡಿ. ಮುಟ್ಟು ನಿಂತ ಕೆಲವರಲ್ಲಿ ಪಿಟ್ಯುಟರಿ ಗ್ರಂಥಿಯಿಂದಲೇ ಎಚ್‌ಸಿಜಿ (ಪ್ರೆಗ್ನೆನ್ಸಿ ಟೆಸ್ಟ್ ಹುಡುಕುವ ಹಾರ್ಮೋನ್) ಸ್ವಲ್ಪ ಬರುತ್ತದೆ, ರಕ್ತದ ಟೆಸ್ಟ್ ಮಸುಕಾಗಿ ಪಾಸಿಟಿವ್ ತೋರಿಸಬಹುದು. ಗಾಬರಿ ಬೇಡ, ಕೆಲವು ದಿನ ಬಿಟ್ಟು ಮತ್ತೆ ನೋಡಿದಾಗ ಏರಿಲ್ಲದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತದೆ.

ಈಗ ನಿಮ್ಮ ಕೂದಲಿನ ಮಾತ್ರೆ. ಪಟ್ಟಿಯ ಹಿಂದೆ ಬಯೋಟಿನ್ (ಒಂದು ಬಿ ವಿಟಮಿನ್) ಎಂದಿದೆಯಾ ನೋಡಿ. ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಕೂದಲು, ಉಗುರಿನ ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂ, ಅಂದರೆ 5ರಿಂದ 10 ಮಿಲಿಗ್ರಾಂ ಇರುವುದು ಮಾಮೂಲು. ಮೈಗೆ ಇದರಿಂದ ತೊಂದರೆಯಿಲ್ಲ, ತೊಂದರೆ ಆಗುವುದು ಲ್ಯಾಬಿನ ಮಷೀನಿಗೆ. ಹಾರ್ಮೋನ್ ಅಳೆಯುವ ಬಹಳಷ್ಟು ಕಿಟ್‌ಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಒಂದಕ್ಕೊಂದು ಅಂಟಿಕೊಳ್ಳುವುದನ್ನೇ ನಂಬಿಕೊಂಡಿವೆ. ನಿಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಹೋಗಿ ಆ ಜಾಗ ಹಿಡಿದುಬಿಡುತ್ತದೆ. ಆಗ ಎಫ್‌ಎಸ್‌ಎಚ್, ಪಿಟಿಎಚ್ (ರಕ್ತದ ಕ್ಯಾಲ್ಸಿಯಂ ಕಾಯುವ ಹಾರ್ಮೋನ್), ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟಿನ ಹಾರ್ಮೋನ್) ಇದ್ದದ್ದಕ್ಕಿಂತ ಕಡಿಮೆ ಕಾಣುತ್ತವೆ. ಎಸ್ಟ್ರಾಡಯಾಲ್, ವಿಟಮಿನ್ ಡಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತವೆ.

ಇದರ ಫಲ ಏನಾಗುತ್ತದೆ ನೋಡಿ. ಎಫ್‌ಎಸ್‌ಎಚ್ ಕಡಿಮೆ, ಎಸ್ಟ್ರಾಡಯಾಲ್ ಹೆಚ್ಚು ಎಂದರೆ ಕಾಗದದ ಮೇಲೆ ನೀವು ಇನ್ನೂ ಮುಟ್ಟಾಗುವವರು, ಹೊರಗೆ. ಅದಾದರೂ ಪರವಾಗಿಲ್ಲ. ವಿಟಮಿನ್ ಡಿ ನಿಜವಾಗಿ 14 ಇದ್ದು ರಿಪೋರ್ಟಿನಲ್ಲಿ 30 ಎಂದು ಬಂದರೆ? ಕೊರತೆ ಇದ್ದಾಗ ಪಿಟಿಎಚ್ ಏರಿ ಸುಳಿವು ಕೊಡಬೇಕಿತ್ತು, ಅದೂ ತಗ್ಗಿ ಕಾಣುತ್ತಿದೆ. ಎರಡು ಕಾವಲೂ ಒಟ್ಟಿಗೆ ಮಲಗಿದಂತೆ. ನಿಮ್ಮನ್ನು ಒಳಗೆ ಸೇರಿಸಿ ಇಂಜೆಕ್ಷನ್ ಕೊಟ್ಟೇಬಿಡುತ್ತಾರೆ. ಹಾಗಾಗಿ ಮಾತ್ರೆಯ ವಿಷಯ ಫೋನಿನಲ್ಲೇ ಹೇಳಿ, ಎಷ್ಟು ದಿನ ನಿಲ್ಲಿಸಬೇಕು ಎಂದು ಅವರನ್ನೇ ಕೇಳಿ. ಈ ಪ್ರಮಾಣಕ್ಕೆ ಮೂರು ದಿನ ಬಿಡುವುದು ಕ್ಷೇಮ ಎಂದು ನನ್ನ ಲೆಕ್ಕ. ಹೇಳದೆ ನೀವಾಗಿಯೇ ನಿಲ್ಲಿಸಿ ಹೋಗಬೇಡಿ, ಅದು ಫೈಲಿನಲ್ಲಿ ದಾಖಲಾಗಬೇಕು.

ವಿಟಮಿನ್ ಡಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆಂದರೆ, ಈ ಔಷಧ ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವ ಬಾಗಿಲನ್ನು ಮುಚ್ಚುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಕರುಳು ಹೆಚ್ಚು ಹೀರಿ ಸರಿದೂಗಿಸಬೇಕು, ಅದಕ್ಕೆ ವಿಟಮಿನ್ ಡಿ ಬೇಕು. ಇಲ್ಲದಿದ್ದರೆ ತುಟಿಯ ಸುತ್ತ ಜೋಮು, ಕೈಕಾಲು ಸೆಳೆತ, ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರು. ಮೂತ್ರಪಿಂಡ ಸರಿಯಿಲ್ಲದವರಲ್ಲಿ ಇದು ಇನ್ನೂ ತೀವ್ರ. ಮೂತ್ರಪಿಂಡ ಬಹಳ ಕೆಟ್ಟವರ, ಮುಖ್ಯವಾಗಿ ಡಯಾಲಿಸಿಸ್ ರೋಗಿಗಳ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜನವರಿಯಲ್ಲಿ ಡೆನೊಸುಮ್ಯಾಬ್‌ಗೆ ತನ್ನ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಸೇರಿಸಿತು. ಸ್ಕ್ರೀನಿಂಗ್‌ನಲ್ಲಿ ಕ್ರಿಯಾಟಿನಿನ್ ನೋಡುವುದು ಇದಕ್ಕೇ. ವಿಟಮಿನ್ ಡಿ ಸಾಮಾನ್ಯವಾಗಿ 20 ನ್ಯಾನೋಗ್ರಾಂ ಮೇಲಿರಬೇಕು ಅನ್ನುತ್ತಾರೆ. ಕಡಿಮೆ ಬಂದರೆ ಡೋಸ್ ಕೊಟ್ಟು ಮತ್ತೆ ಟೆಸ್ಟ್ ಮಾಡಲು ಕೆಲವು ಪ್ರೋಟೋಕಾಲ್‌ಗಳಲ್ಲಿ (ಟ್ರಯಲ್‌ನ ನಿಯಮಾವಳಿಯಲ್ಲಿ) ಅವಕಾಶ ಇರುತ್ತದೆ, ಕೇಳಿ ನೋಡಿ.

ಕ್ಯಾಲ್ಸಿಯಂ ಅಂಕಿ ಮಾತ್ರ ಬಹಳ ಮೋಸದ್ದು. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಸೇರಿಸುತ್ತಾರೆ. ಕ್ಯಾಲ್ಸಿಯಂ 8.3, ಆಲ್ಬುಮಿನ್ 3.5 ಬಂದರೆ ಸರಿಪಡಿಸಿದ ಕ್ಯಾಲ್ಸಿಯಂ 8.7. ಕೆಳಗಿನ ಮಿತಿ 8.5 ಎಂದಿದ್ದರೆ 8.3 ಫೇಲ್, 8.7 ಪಾಸ್. ನಿಮ್ಮ ರಿಪೋರ್ಟಿನಲ್ಲಿ ಯಾವುದನ್ನು ನೋಡಿ ತೀರ್ಮಾನ ಮಾಡಿದ್ದಾರೆ ಎಂದು ಕೇಳುವುದು ನಿಮ್ಮ ಹಕ್ಕು. ರಕ್ತ ತೆಗೆಯುವ ರೀತಿಯಲ್ಲೂ ತಪ್ಪಾಗುತ್ತದೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಎರಡು ಮೂರು ನಿಮಿಷ ನರ ಹುಡುಕುತ್ತಾ ಕೂತರೆ ಅಲ್ಲಿ ರಕ್ತ ಗಟ್ಟಿಯಾಗಿ ಕ್ಯಾಲ್ಸಿಯಂ ಹೆಚ್ಚು ಕಾಣುತ್ತದೆ. ಮುಷ್ಟಿ ಬಿಗಿದು ಬಿಚ್ಚಿ ಮಾಡಿದರೆ ಪೊಟ್ಯಾಶಿಯಂ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬನ್ನು ಮೊದಲು ತುಂಬಿಸಿ ಅದರೊಳಗಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಮುಂದಿನ ಟ್ಯೂಬಿಗೆ ಚೂರು ಸೇರಿತೋ, ಕ್ಯಾಲ್ಸಿಯಂ ಕೆಳಗೆ, ಪೊಟ್ಯಾಶಿಯಂ ಮೇಲೆ, ಆಲ್ಕಲೈನ್ ಫಾಸ್ಫಟೇಸ್ (ಮೂಳೆ, ಲಿವರ್‌ನ ಒಂದು ಕಿಣ್ವ) ಕೆಳಗೆ. ಈ ಮೂರೂ ಒಂದೇ ರಿಪೋರ್ಟಿನಲ್ಲಿ ಕಂಡರೆ ನಾನಂತೂ ಮನುಷ್ಯರಿಗಿಂತ ಮೊದಲು ಟ್ಯೂಬನ್ನೇ ಅನುಮಾನಿಸುತ್ತೇನೆ.

ಬೆಳಿಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು ಶುಗರ್‌ಗಾಗಿ ಮಾತ್ರ ಅಲ್ಲ. ಮೂಳೆ ಎಷ್ಟು ಕರಗುತ್ತಿದೆ ಎಂದು ತೋರಿಸುವ ಸಿಟಿಎಕ್ಸ್ ನಸುಕಿನಲ್ಲಿ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ, ತಿಂಡಿ ತಿಂದ ಕೂಡಲೇ ಇನ್ನಷ್ಟು ಇಳಿಯುತ್ತದೆ. ಒಂದು ದಿನ ಎಂಟು ಗಂಟೆಗೆ, ಇನ್ನೊಂದು ದಿನ ಹನ್ನೆರಡಕ್ಕೆ ರಕ್ತ ಕೊಟ್ಟರೆ ಔಷಧವಿಲ್ಲದೆಯೇ 'ಔಷಧದ ಪರಿಣಾಮ' ಕಾಣುತ್ತದೆ. ನೀರು ಧಾರಾಳವಾಗಿ ಕುಡಿಯಬಹುದು, ಕುಡಿದರೆ ನರ ಸಿಗುವುದೂ ಸುಲಭ.

ಹಳೆಯ ಔಷಧಗಳ ವಿಷಯದಲ್ಲಿ ಜನ ಸುಳ್ಳು ಹೇಳುವುದಕ್ಕಿಂತ ಮರೆಯುವುದೇ ಜಾಸ್ತಿ. ಮೂಳೆ ಸವೆತಕ್ಕೆ ವಾರಕ್ಕೊಂದು ನುಂಗುವ ಅಲೆಂಡ್ರೋನೇಟ್ ಮೂಳೆಯೊಳಗೆ ಸೇರಿಕೊಂಡರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದೇ ಜಾತಿಯ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆ್ಯಸಿಡ್ಡನ್ನು 'ಯಾವುದೋ ಕ್ಯಾಲ್ಸಿಯಂ ಡ್ರಿಪ್' ಎಂದು ನೆನಪಿಟ್ಟುಕೊಂಡಿರುತ್ತಾರೆ. ಮಂಡಿ ನೋವಿಗೆ ಹಾಕಿಸಿಕೊಂಡ ಸ್ಟಿರಾಯ್ಡ್ ಇಂಜೆಕ್ಷನ್, ಉಬ್ಬಸಕ್ಕೆ ಸೇದುವ ಇನ್‌ಹೇಲರ್, ಕ್ಯಾಲ್ಸಿಯಂ ಏರಿಸುವ ಥಯಜೈಡ್ ಜಾತಿಯ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಹಾರ್ಮೋನ್ ಕ್ರೀಮ್, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ಬೇಡ, ಮನೆಯಲ್ಲಿರುವ ಪಟ್ಟಿ, ಡಬ್ಬಿ, ಹಳೆಯ ಚೀಟಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಸುಮ್ಮನೆ ಮಲಗುವ ಕೆಲಸ. ಬೆನ್ನಿಗೆ ಮಾಡುವಾಗ ಕಾಲನ್ನು ಒಂದು ದಿಂಬಿನಂಥ ಪೆಟ್ಟಿಗೆಯ ಮೇಲೆ ಎತ್ತಿಡುತ್ತಾರೆ, ಸೊಂಟದ ಕೀಲಿಗೆ ಮಾಡುವಾಗ ಪಾದವನ್ನು ಒಳಕ್ಕೆ ತಿರುಗಿಸಿ ಕಟ್ಟುತ್ತಾರೆ. ಪಾದ ಸರಿಯಾಗಿ ತಿರುಗದಿದ್ದರೆ ತೊಡೆಮೂಳೆಯ ಕತ್ತು ಮೊಟಕಾಗಿ ಕಂಡು ಲೆಕ್ಕ ತಪ್ಪುತ್ತದೆ. ವಿಕಿರಣ ಎದೆಯ ಎಕ್ಸ್‌ರೇಗಿಂತಲೂ ಕಡಿಮೆ. ಕ್ಯಾಲ್ಸಿಯಂ ಮಾತ್ರೆಯನ್ನು ಹಿಂದಿನ ದಿನವೇ ನಿಲ್ಲಿಸಿ, ಕರಗದ ಮಾತ್ರೆ ಬೆನ್ನೆಲುಬಿನ ಮೇಲೆ ಬಿಳಿ ಚುಕ್ಕೆಯಾಗಿ ಕೂತು ಸಾಂದ್ರತೆ ಹೆಚ್ಚಿಸಿಬಿಡುತ್ತದೆ. ಹತ್ತಿರದ ದಿನಗಳಲ್ಲಿ ಬೇರಿಯಂ ಕುಡಿದು ಎಕ್ಸ್‌ರೇ ತೆಗೆಸಿದ್ದರೆ ಹೇಳಿ. ಎಲ್1ರಿಂದ ಎಲ್4ವರೆಗಿನ ನಾಲ್ಕು ಬೆನ್ನುಮೂಳೆಗಳಲ್ಲಿ ಕನಿಷ್ಠ ಎರಡಾದರೂ ಅಳೆಯಲು ಯೋಗ್ಯವಾಗಿರಬೇಕು. ಪಕ್ಕದ ಮೂಳೆಗಿಂತ ಒಂದು ಟಿ-ಸ್ಕೋರ್‌ಗೂ (ಯುವ ಆರೋಗ್ಯವಂತರ ಸರಾಸರಿಗೆ ಹೋಲಿಸಿದ ಸಾಂದ್ರತೆಯ ಅಂಕ) ಹೆಚ್ಚು ವ್ಯತ್ಯಾಸ ಇದ್ದದ್ದನ್ನು ಬಿಟ್ಟು ಎಣಿಸುತ್ತಾರೆ, ಏಕೆಂದರೆ ಸವೆದ ಕಡೆ ಬೆಳೆದ ಮೂಳೆಮುಳ್ಳು ಆ ಮೂಳೆಯನ್ನು ಸುಳ್ಳೇ ಗಟ್ಟಿ ಎಂದು ತೋರಿಸುತ್ತದೆ.

ಟಿ-ಸ್ಕೋರ್ ಮೈನಸ್ 1ರವರೆಗೆ ನಾರ್ಮಲ್, ಅಲ್ಲಿಂದ ಮೈನಸ್ 2.5ರ ತನಕ ಸವೆತದ ಆರಂಭ, ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್. ಆರೋಗ್ಯವಂತರ ಟ್ರಯಲ್ ಆದರೆ ಮೈನಸ್ 2.5 ಬಂದವರು ಹೊರಗೆ, ಅವರಿಗೆ ಬೇಕಾದದ್ದು ಚಿಕಿತ್ಸೆ. ರೋಗಿಗಳ ಟ್ರಯಲ್ ಆದರೆ ತಿರುಗಾಮುರುಗಾ, ಮೂಳೆ ಚೆನ್ನಾಗಿದ್ದರೆ ಹೊರಗೆ. ನಿಮ್ಮ ಗೆಳತಿಯ 'ಎಲ್ಲ ನಾರ್ಮಲ್' ಕಥೆ ಇದೂ ಇರಬಹುದು. ಕೆಲವು ಕಡೆ ಪಕ್ಕದಿಂದ ಬೆನ್ನಿನ ಎಕ್ಸ್‌ರೇಯನ್ನೂ ತೆಗೆಯುತ್ತಾರೆ. ಬೆನ್ನುಮೂಳೆಯ ಕುಸಿತ ಎಷ್ಟೋ ಸಲ ನೋವೇ ಕೊಡುವುದಿಲ್ಲ, ಎತ್ತರ ಮೂರು ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಮಾತ್ರ ಸುಳಿವು. ಒಂದು ಮೂಳೆಯ ಎತ್ತರ ಐದನೇ ಒಂದು ಭಾಗ ಕುಗ್ಗಿದ್ದರೂ ಅದನ್ನು ಮುರಿತ ಎಂದೇ ಎಣಿಸುತ್ತಾರೆ.

ಹಲ್ಲಿನ ಬಗ್ಗೆ ಕೇಳಿದಾಗ ಮೂಳೆಗೂ ಹಲ್ಲಿಗೂ ಏನು ಸಂಬಂಧ ಅನ್ನಿಸಬಹುದು. ಈ ಗುಂಪಿನ ಔಷಧ ಪಡೆದ ಮೇಲೆ ಹಲ್ಲು ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯ ಇದೆ. ಅಪರೂಪ, ಆದರೆ ಬಂದರೆ ಹಠಮಾರಿ. ಹಲ್ಲು ಕಿತ್ತ ಗಾಯ ಮಾಗಿಲ್ಲದಿದ್ದರೆ, ಇಂಪ್ಲಾಂಟ್ ಹಾಕಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ, ಟ್ರಯಲ್ ಆಮೇಲೆ.

ಉಳಿದವು ಮಾಮೂಲು. ಐದು ನಿಮಿಷ ಕೂರಿಸಿ ಬಿಪಿ, ಇಸಿಜಿಯಲ್ಲಿ ಕ್ಯೂಟಿಸಿ (ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಿದ್ಧವಾಗಲು ಹಿಡಿಯುವ ಸಮಯ, ಹೆಂಗಸರಿಗೆ ಮಿತಿ ಹೆಚ್ಚಾಗಿ 470 ಮಿಲಿಸೆಕೆಂಡ್), ಹಿಮೋಗ್ಲೋಬಿನ್, ಲಿವರ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಮೂತ್ರದಲ್ಲಿ ಮಾದಕ ವಸ್ತು. ಎರಡು ಮೂರು ದಿನ ಮುಂಚೆ ಮೈಮುರಿಯುವ ವ್ಯಾಯಾಮ ಬೇಡ, ಸ್ನಾಯುವಿನ ಕಿಣ್ವ ಸಿಕೆ ಏರಿ ಅದರ ಜೊತೆ ಲಿವರ್ ಟೆಸ್ಟಿನಲ್ಲಿ ನೋಡುವ ಎಎಸ್‌ಟಿಯೂ ಏರಿ ಲಿವರ್ ಕೆಟ್ಟಂತೆ ಕಾಣುತ್ತದೆ. ಒಂದು ಅಂಕಿ ಅಂಚಿನಲ್ಲಿದ್ದರೆ ಸಾಮಾನ್ಯವಾಗಿ ಇನ್ನೊಮ್ಮೆ ಟೆಸ್ಟ್ ಮಾಡುತ್ತಾರೆ. ಆದರೆ ಎಲ್ಲವೂ ಗೊತ್ತುಪಡಿಸಿದ ಅವಧಿಯೊಳಗೆ, ಬಹಳ ಕಡೆ 28 ದಿನದೊಳಗೆ ಮುಗಿಯಬೇಕು. ಅವಧಿ ಮೀರಿದ್ದಕ್ಕೆ, ಬೇಕಾದಷ್ಟು ಜನ ಸೇರಿಬಿಟ್ಟಿದ್ದಕ್ಕೆ ಹೊರಗುಳಿದವರೂ ಇದ್ದಾರೆ.

ಇತ್ತೀಚೆಗೆ ಬೇರೆ ಟ್ರಯಲ್‌ನಲ್ಲಿ ಇದ್ದದ್ದನ್ನು, ರಕ್ತದಾನ ಮಾಡಿದ್ದನ್ನು ದುಡ್ಡಿಗಾಗಿ ಮುಚ್ಚಿಡುವವರಿಗೆ ಒಂದು ಮಾತು. ನುಂಗಿದ ಮಾತ್ರೆ ಎರಡು ದಿನದಲ್ಲಿ ಹೊರಹೋಗಬಹುದು. ಡೆನೊಸುಮ್ಯಾಬ್ ರಕ್ತದಲ್ಲಿ ಅರ್ಧಕ್ಕಿಳಿಯಲು 25ರಿಂದ 28 ದಿನ ಬೇಕು, ಪರಿಣಾಮ ಆರು ತಿಂಗಳು ನಿಲ್ಲುತ್ತದೆ. ಕೊಟ್ಟ ಮೇಲೆ ವಾಪಸ್ ತೆಗೆಯುವ ದಾರಿ ಇಲ್ಲ.

ನೀವು ಅವರನ್ನು ಕೇಳಬೇಕಾದದ್ದೂ ಇದೆ. ಔಷಧ ಇಳಿದ ಮೇಲೆ ಮೂಳೆ ಕರಗುವ ವೇಗ ಸ್ವಲ್ಪ ಕಾಲ ಮೊದಲಿಗಿಂತಲೂ ಏರುತ್ತದೆ. ಚಿಕಿತ್ಸೆಗೆಂದು ತೆಗೆದುಕೊಂಡು ನಡುವೆ ನಿಲ್ಲಿಸಿದವರಲ್ಲಿ ಹಲವು ಬೆನ್ನುಮೂಳೆಗಳು ಮುರಿದ ಉದಾಹರಣೆಗಳಿವೆ. ಎಷ್ಟು ತಿಂಗಳು ನನ್ನನ್ನು ನೋಡಿಕೊಳ್ಳುತ್ತೀರಿ, ಕೊನೆಯಲ್ಲಿ ಮತ್ತೆ ಡೆಕ್ಸಾ ಮಾಡುತ್ತೀರಾ, ಏನಾದರೂ ಆದರೆ ಖರ್ಚು ಯಾರದು ಎಂದು ಕೇಳಿ, ಉತ್ತರ ಒಪ್ಪಿಗೆ ಪತ್ರದಲ್ಲಿ ಎಲ್ಲಿದೆ ಎಂದು ತೋರಿಸಲು ಹೇಳಿ. ಇಂಜೆಕ್ಷನ್ ರೊಮೊಸೊಜುಮ್ಯಾಬ್ ಗುಂಪಿನದಾದರೆ ಹೃದಯಾಘಾತ, ಪಾರ್ಶ್ವವಾಯುವಿನ ಪ್ರಶ್ನೆಗಳು ಜೋರಾಗಿರುತ್ತವೆ. ಟೆರಿಪ್ಯಾರಟೈಡ್ ಆದರೆ ಹಿಂದೆ ಮೂಳೆಗೆ ವಿಕಿರಣ ಚಿಕಿತ್ಸೆ ಆಗಿದೆಯಾ ಎಂದು ಕೇಳುತ್ತಾರೆ. ಹೃದಯದ ಪ್ರಶ್ನೆ ಅತಿಯಾಯಿತು ಎಂದುಕೊಳ್ಳಬೇಡಿ. ಒಡಾನಕ್ಯಾಟಿಬ್ ಎಂಬ ಮೂಳೆಯ ಮಾತ್ರೆ ಕೊನೆಯ ಹಂತದ ಟ್ರಯಲ್ ದಾಟಿದ ಮೇಲೆ, ಪಾರ್ಶ್ವವಾಯುವಿನ ಅಪಾಯ ಕಂಡು 2016ರಲ್ಲಿ ನಿಂತುಹೋಯಿತು.

ಗೆಳತಿಗೆ ಹೇಳಿ: ತನ್ನ ರಿಪೋರ್ಟಿನ ಪ್ರತಿ ಕೇಳಿ ತೆಗೆದುಕೊಳ್ಳಲಿ. ಟಿ-ಸ್ಕೋರ್, ಸರಿಪಡಿಸಿದ ಕ್ಯಾಲ್ಸಿಯಂ, ವಿಟಮಿನ್ ಡಿ, ಎಫ್‌ಎಸ್‌ಎಚ್, ಈ ನಾಲ್ಕು ಅಂಕಿಗಳನ್ನು ಇಲ್ಲಿ ಹಾಕಿದರೆ ಕಾರಣ ಇವುಗಳಲ್ಲೇ ಇದೆಯಾ ಎಂದು ಹೇಳಬಲ್ಲೆ. ಅವರೂ ಕೂದಲಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರಾ ಅನ್ನುವುದನ್ನೂ ಬರೆಯಿರಿ.